ತುತ್ತಿನ ದೂರ

ಜಡೆ ಹೆಣೆಯುವುದಕ್ಕೆ ಎಷ್ಟು ಕೈ ಬೇಕು ಎಂದು ನಾನು ಯಾವತ್ತೂ ಯೋಚಿಸಿದವಳಲ್ಲ. ಹಲ್ಲು ತಿಕ್ಕಲು ಒಂದೇ ಕೈ ಸಾಕು ಎಂದುಕೊಂಡಿದ್ದೆ. ಹಲ್ಲುಪುಡಿಯನ್ನು ಸುರಿದುಕೊಳ್ಳಲು ಇನ್ನೊಂದು ಅಂಗೈ ಬೇಕಲ್ಲ ಎಂಬುದು ಹೊಳೆದೇ ಇರಲಿಲ್ಲ. ಲಂಗದ ಲಾಡಿ ಬಿಗಿಯಲು, ಪೆನ್ಸಿಲ್ ಚೂಪು ಮಾಡಲು, ಶಾಲೆಯ ಡಬ್ಬಿಯ ಮುಚ್ಚಳ ತೆಗೆಯಲು, ಎಲ್ಲಕ್ಕೂ ಎರಡು ಕೈ ಬೇಕು. ಇದನ್ನೆಲ್ಲ ನನಗೆ ಕಲಿಸಿದವಳು ನನ್ನ ಮಗಳು ಪದ್ಮಾ, ಒಂಬತ್ತನೆಯ ವಯಸ್ಸಿನಲ್ಲಿ ತನ್ನ ಬಲಗೈ ಮುರಿದುಕೊಂಡು.

ಎಪ್ಪತ್ತರ ದಶಕದ ಮಾತು. ಪುಣೆಯ ಶನಿವಾರ ಪೇಟೆಯ ಒಂದು ವಾಡೆಯಲ್ಲಿ ನಮ್ಮದು ಎರಡು ಖೋಲಿಯ ಬಿಡಾರ. ನಡುವೆ ಅಂಗಳ, ಸುತ್ತಲೂ ಸಂಸಾರಗಳು, ಎಲ್ಲರಿಗೂ ಸೇರಿ ಒಂದು ನಳ. ನಮ್ಮವರು ಪಿಂಪ್ರಿಯ ಕಾರ್ಖಾನೆಗೆ ಹೋಗುತ್ತಿದ್ದರು. ಮನೆಯಲ್ಲಿ ನಾನು, ಪದ್ಮಾ ಮತ್ತು ಬಾಗಲಕೋಟೆಯಿಂದ ಬಂದು ನಮ್ಮೊಡನೆ ನೆಲೆಸಿದ್ದ ನನ್ನ ಅತ್ತೆ. ಆಗಿನ ಪುಣೆಯಲ್ಲಿ ಮನುಷ್ಯರಿಗಿಂತ ಸೈಕಲ್ಲುಗಳೇ ಹೆಚ್ಚೇನೋ ಅನ್ನಿಸುತ್ತಿತ್ತು. ಓಣಿಯ ತಿರುವಿನ ಅಂಗಡಿಯಲ್ಲಿ ತಾಸಿನ ಬಾಡಿಗೆಗೆ ಸೈಕಲ್ ಸಿಗುತ್ತಿತ್ತು. ನನ್ನ ಮಗಳು ದೊಡ್ಡವರ ಸೈಕಲ್ಲಿನ ದಂಡಿಗೆಯ ಕೆಳಗೆ ಕಾಲು ತೂರಿಸಿ, ಓರೆಯಾಗಿ ನೇತಾಡುತ್ತ ತುಳಿಯುವುದನ್ನು ಕಲಿತಿದ್ದಳು. ಒಂದು ಸಂಜೆ ಎದುರಿಗೆ ಗೌಳಿಯ ಎಮ್ಮೆ ಬಂತು. ಎಮ್ಮೆ ದಾರಿ ಬಿಡಲಿಲ್ಲ. ಇವಳಿಗೆ ಬ್ರೇಕು ಎಟುಕಲಿಲ್ಲ.

ಮುರಿದದ್ದು ಮೊಳಕೈಯ ಸ್ವಲ್ಪ ಮೇಲೆ. ಬಾಗಲಕೋಟೆಯ ಪೇಟೆಯಲ್ಲಿ ಹೂ ಮಾರುವವಳು ಮಾಲೆಯನ್ನು ಮೊಳಕೈಯಿಂದ ಬೆರಳ ತುದಿಯವರೆಗೆ ಹಿಡಿದು ಅಳೆಯುತ್ತಾಳೆ. ಗಿಡ್ಡ ಕೈಯವಳ ಮೊಳವೂ ಮೊಳವೇ, ಉದ್ದ ಕೈಯವಳದೂ ಮೊಳವೇ. ಜಾಣ ಗಿರಾಕಿಗಳು ಹೂವಿಗಿಂತ ಮೊದಲು ಹೂವಾಡಗಿತ್ತಿಯ ಕೈ ನೋಡುತ್ತಾರೆ. ಮನುಷ್ಯ ಹೀಗೆ ಮೈಯಲ್ಲೇ ಅಳತೆಗೋಲು ಇಟ್ಟುಕೊಂಡು ತಿರುಗುವ ಪ್ರಾಣಿ. ಆದರೆ ಆ ಕೋಲು ಮಡಚಿ ಕೂತುಬಿಟ್ಟರೆ ಏನನ್ನೂ ಅಳೆಯಲಾಗುವುದಿಲ್ಲ ಎಂಬುದು ನಮಗೆ ಆಮೇಲೆ ಗೊತ್ತಾಯಿತು.

ಕೈ ಮಡಚಿಸಿ ಪ್ಲಾಸ್ಟರ್ ಹಾಕಿ, ಕೊರಳಿಗೆ ಪಟ್ಟಿ ಕಟ್ಟಿ ಕಳಿಸಿದರು. ಮನೆಗೆ ಬಂದ ಮೊದಲ ರಾತ್ರಿಯ ಊಟದಲ್ಲೇ ಪ್ರಶ್ನೆ ಎದ್ದಿತು. ನಾನು ಹುಡುಗಿಯ ಎಡಗೈಗೆ ಚಮಚೆ ಕೊಟ್ಟೆ. ಅತ್ತೆ ನೋಡಿದರು.

"ಎಡಗೈಲೆ ಉಣ್ಣೋದು ನಮ್ಮ ಮನ್ಯಾಗ ಇಲ್ಲ."

"ಚಮಚಾಲೆ ಉಣ್ತಾಳ್ರಿ ಅತ್ತಿ."

"ಚಮಚಾ ಹಿಡದದ್ದು ಯಾವ ಕೈ?"

ಎಡಗೈಯದು ನಿಜಕ್ಕೂ ಪಾಪದ ಬಾಳು. ಕೊಡ ಹೊರುವಾಗ ಬೇಕು, ಕಸ ಬಳಿಯುವಾಗ ಬೇಕು, ಕೂಸನ್ನು ಸೊಂಟಕ್ಕೆ ಏರಿಸಿಕೊಳ್ಳುವಾಗ ಬೇಕು. ಅಕ್ಷತೆ ಹಾಕುವಾಗ, ದಕ್ಷಿಣೆ ಕೊಡುವಾಗ, ಉಣ್ಣುವಾಗ ಮಾತ್ರ ಬೆನ್ನ ಹಿಂದೆ ಅಡಗಿ ಕೂಡಬೇಕು. ಬಲಗೈ ಬಿದ್ದಾಗಲಾದರೂ ಅದಕ್ಕೊಂದು ಸರತಿ ಬರಬಹುದಿತ್ತು. ಬರಲಿಲ್ಲ. ಅತ್ತೆ ಚಮಚೆಯನ್ನು ತೆಗೆದಿಟ್ಟು, ತಾವೇ ಅನ್ನ ಕಲಸಿ ತುತ್ತು ಮಾಡಿ ಮೊಮ್ಮಗಳ ಬಾಯಿಗೆ ಇಟ್ಟರು.

ಅಲ್ಲಿಂದ ಶುರುವಾಯಿತು ನಮ್ಮ ಮನೆಯ ಸೇವಾಕಾಂಡ. ಅತ್ತೆ ಉಣಿಸುವುದು, ನಾನು ಸ್ನಾನ ಮಾಡಿಸಿ ಜಡೆ ಹಾಕುವುದು, ಪಾಳಿ ಮುಗಿಸಿ ಬಂದ ನಮ್ಮವರು ಅವಳ ಶಾಲೆಯ ಅಭ್ಯಾಸ ಬರೆದುಕೊಡುವುದು. ಮರಾಠಿ ಶಾಲೆ, ನಮ್ಮವರ ಮರಾಠಿಯೋ ಕಾರ್ಖಾನೆಯದು. ಶಾಲೆಯ ಬಾಯಿ ಅದನ್ನು ತಿದ್ದಿ ತಿದ್ದಿ ಕಳಿಸುತ್ತಿದ್ದರು. ಪುಣೆಯಲ್ಲಿ ಶಿಕ್ಷಕಿಗೆ ಬಾಯಿ ಎನ್ನುತ್ತಾರೆ. ಮೇಲಿನ ಬಿಡಾರದ ಜೋಶಿ ಕಾಕು ದಿನಕ್ಕೊಮ್ಮೆ ಶಿರಾ ತಂದು ಕೊಡುತ್ತಿದ್ದರು. ಪ್ಲಾಸ್ಟರಿನ ಒಳಗೆ ತುರಿಕೆ ಎದ್ದಾಗ ಸ್ವೆಟರ್ ಹೆಣೆಯುವ ತಮ್ಮ ಕಡ್ಡಿಯನ್ನೇ ತಂದು ತೂರಿಸಿದವರು ಅವರು. ಹುಡುಗಿ ದುಂಡಗಾಗುತ್ತ ಬಂದಳು. ನೀರು ಬೇಕಾದರೂ ಏಳದೆ, "ಅಜ್ಜೀ, ನೀರು" ಎನ್ನತೊಡಗಿದಳು. "ಕೈ ಮುರದದ್ದು ಆಕೀದೊ, ನಮ್ಮದೊ" ಎಂದು ನಮ್ಮವರು ಗೊಣಗುತ್ತಲೇ ಅವಳ ಭೂಗೋಳ ಬರೆಯುತ್ತಿದ್ದರು.

ಪ್ಲಾಸ್ಟರ್ ತೆಗೆದ ದಿನ ನಾನು ಪೇಢೆ ತಂದಿಟ್ಟಿದ್ದೆ. ಒಳಗಿನಿಂದ ಹೊರಬಂದದ್ದು ತೆಳ್ಳಗಿನ, ಹೊಟ್ಟು ಎದ್ದ, ಯಾರದೋ ಎನ್ನಿಸುವಂಥ ಕೈ. ಅದು ಮಡಚಿದ್ದು ಮಡಚಿದಂತೆಯೇ ಇತ್ತು. ಡಾಕ್ಟರು ಮರಾಠಿಯಲ್ಲಿ, "ಕೈ ನೀಡು ನೋಡೋಣ" ಎಂದರು. ಪದ್ಮಾ ಭುಜವನ್ನು ಚಾಚಿದಳು, ಸೊಂಟವನ್ನು ಬಾಗಿಸಿದಳು. ಮೊಳಕೈ ಮಾತ್ರ ಮಿಸುಕಲಿಲ್ಲ. ಮೊದಮೊದಲು ಹಾಗೇ, ಬಿಟ್ಟುಕೊಳ್ಳುತ್ತದೆ ಎಂದರು.

ಬಿಟ್ಟುಕೊಳ್ಳಲಿಲ್ಲ. ನೋವೆಂದು ಅವಳು ಕೈಯನ್ನು ಎದೆಗೆ ಆನಿಸಿಕೊಂಡೇ ತಿರುಗುತ್ತಿದ್ದಳು, ಪ್ಲಾಸ್ಟರ್ ಇನ್ನೂ ಅಲ್ಲೇ ಇದ್ದಂತೆ. ನಾನು ಬಕೆಟ್ ಎತ್ತು ಎಂದರೆ ಅತ್ತೆ ಅದನ್ನು ಎತ್ತುತ್ತಿದ್ದರು. ಊಟ ಅತ್ತೆಯ ಕೈಯಿಂದಲೇ ನಡೆದಿತ್ತು. ನಾನು ಒಲೆಯ ಮುಂದೆ ಕೂತು ಅವಳ ಕೈಯನ್ನೇ ನೋಡುತ್ತಿದ್ದೆ. ಈ ಕೈ ಹೀಗೇ ಉಳಿದರೆ? ಅತ್ತೆಯ ಮನಸ್ಸಿನಲ್ಲೂ ಅದೇ ಇತ್ತೆಂದು ಕಾಣುತ್ತದೆ. "ಹೆಣ್ಣು ಹುಡಿಗಿ" ಎಂದು ಶುರುಮಾಡಿ ಮುಂದಿನದನ್ನು ನುಂಗಿಕೊಳ್ಳುತ್ತಿದ್ದರು.

ಮತ್ತೆ ಡಾಕ್ಟರ ಹತ್ತಿರ ಹೋದಾಗ ಅತ್ತೆಯೂ ಬಂದರು. ಡಾಕ್ಟರು ಕೈ ತಿರುಗಿಸಿ ನೋಡಿ, ಎಣ್ಣೆ ತಿಕ್ಕಬೇಡಿ, ಯಾರೂ ಹಿಡಿದು ಎಳೆಯಬೇಡಿ, ಅವಳ ಕೆಲಸ ಅವಳೇ ಮಾಡಲಿ, ಆ ಕೈಯಿಂದಲೇ ಮಾಡಲಿ, ಇಲ್ಲದಿದ್ದರೆ ಇದು ಹೀಗೇ ನಿಂತುಹೋಗಬಹುದು ಎಂದರು. ಆಮೇಲೆ, "ಊಟ ಯಾರು ಮಾಡಿಸುತ್ತಾರೆ?" ಎಂದು ಕೇಳಿದರು. ಪದ್ಮಾ ಅಜ್ಜಿಯ ಮುಖ ನೋಡಿದಳು. "ಆಜೀ, ಆತಾ ಪುರೇ" ಎಂದರು ಡಾಕ್ಟರು, ಇನ್ನು ಸಾಕು ಅಂತ. ಅತ್ತೆಗೆ ಮರಾಠಿ ಬಾರದು. ಆದರೆ ಆ ಮಾತನ್ನು ನಾನು ಕನ್ನಡಕ್ಕೆ ತಿರುಗಿಸುವ ಅಗತ್ಯ ಬೀಳಲಿಲ್ಲ.

ಅಂದು ರಾತ್ರಿ ಅತ್ತೆ ಹಸಿವಿಲ್ಲ ಎಂದರು. ಮರುದಿನ ಮಧ್ಯಾಹ್ನವೂ ಗ್ವಾಡಿಗೆ ಮುಖ ಮಾಡಿ ಕೂತರು. ಪದ್ಮಾ ತಾಟನ್ನು ತೊಡೆಯ ಮೇಲೆ ಎತ್ತಿಕೊಂಡು, ಕುತ್ತಿಗೆ ಬಗ್ಗಿಸಿ ಕೋಳಿಯ ಹಾಗೆ ಉಣ್ಣುತ್ತಿದ್ದಳು. ಕೈ ನೀಡುವ ಪ್ರಸಂಗವೇ ಬಾರದಂತೆ ಮೈಯನ್ನೇ ಬಗ್ಗಿಸುವ ಉಪಾಯ ಅವಳಿಗೆ ಸಿಕ್ಕಿತ್ತು. ನಾನು ಸೋತು ಕೂತೆ. ಆಗ ಅತ್ತೆ ಈ ಕಡೆ ತಿರುಗಿದರು.

"ನಾ ಉಣಸಬಾರದಂತ ಹೇಳ್ಯಾನಲ್ಲ ಆ ಡಾಕ್ಟರ?"

"ಹೌದ್ರಿ ಅತ್ತಿ."

"ಈಕಿ ನನಗ ಉಣಸಬಾರದಂತ ಹೇಳಿಲ್ಲಲ್ಲ?"

ನನ್ನ ಅತ್ತೆ ಮಡಿಯ ಹೆಂಗಸು. ಅವರ ಊಟ ಮುಗಿಯುವ ತನಕ ಶಾಲೆಯ ಬಟ್ಟೆಯ ಹುಡುಗಿ ಅವರ ನೆರಳಿಗೂ ಸುಳಿಯುವಂತಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ, "ಕೂಸಿನ ಕೈಗೆ ಎಂಥಾ ಮಡಿ. ನೀ ಮಸರು ತಾ" ಎಂದರು. ಸಿಟ್ಟಿಗೆ ಹಾಗೆಂದರೋ, ಯೋಚಿಸಿಯೇ ಎಂದರೋ, ನನಗೆ ಇಂದಿಗೂ ತಿಳಿಯದು.

ಪದ್ಮಾ ಮೊಸರನ್ನದ ತುತ್ತು ಮಾಡಿ ಎತ್ತಿದಳು. ತನ್ನ ಬಾಯಿಗೆ ಕೈ ಮಡಚಿದರೆ ಸಾಕು; ಎದುರಿನವರ ಬಾಯಿಗೆ ಕೈ ಚಾಚಲೇಬೇಕು. ಮೊದಲ ತುತ್ತು ಅವಳ ಮಣೆಯ ಮುಂದೆಯೇ ನೆಲಕ್ಕೆ ಬಿತ್ತು. ಎರಡನೆಯದು, ಅತ್ತೆ ಮುಂದಕ್ಕೆ ಬಾಗಿದ್ದರಿಂದ, ಅವರ ಗದ್ದಕ್ಕೆ ಮೆತ್ತಿತು. ಹುಡುಗಿ ನೋವಿಗೆ ಮುಖ ಕಿವಿಚಿದವಳು ಅಜ್ಜಿಯ ಗದ್ದ ನೋಡಿ ನಗತೊಡಗಿದಳು.

"ನಗಬ್ಯಾಡ. ಬಾಯಿ ಎಲ್ಲದ ಅಂತ ಕಾಣಂಗಿಲ್ಲೇನು?"

"ನೀ ಬಾಯಿ ಭಾಳ ದೂರ ಇಟ್ಟೀ, ಅಜ್ಜಿ."

ನೆಲ ಒರೆಸುವವಳು ನಾನು. ಆದ್ದರಿಂದ ಮುಂದಿನ ಸುದ್ದಿ ನನಗೆ ನೆಲದಿಂದಲೇ ತಿಳಿಯುತ್ತಿತ್ತು. ಮೊದಲು ಅಗುಳು ಪದ್ಮಾಳ ಮಣೆಯ ಹತ್ತಿರವೇ ಬಿದ್ದಿರುತ್ತಿದ್ದವು. ಕೆಲವು ದಿನ ಕಳೆದ ಮೇಲೆ ನಡುವಿನಲ್ಲಿ. ಆಮೇಲೆ ಅತ್ತೆಯ ಮಣೆಯ ಅಂಚಿಗೆ. ಆ ಮಣೆಯಾದರೂ ಇದ್ದಲ್ಲಿ ಇರುತ್ತಿರಲಿಲ್ಲ. ಸ್ವಲ್ಪ ಸ್ವಲ್ಪವೇ ಗ್ವಾಡಿಯ ಕಡೆ ಸರಿಯುತ್ತಿತ್ತು. ಕೇಳಿದರೆ, "ಬೆನ್ನ ನೋಯ್ತದವಾ, ಆನಿಕೊಂಡು ಕೂಡ್ತೀನಿ" ಎನ್ನುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಬೆನ್ನು ನಿಜವಾಗಿಯೂ ಗ್ವಾಡಿಗೆ ಹತ್ತಿತ್ತು, ಪದ್ಮಾಳ ತುತ್ತು ಅಲ್ಲಿಗೂ ಹೋಗಿ ಮುಟ್ಟುತ್ತಿತ್ತು.

ಡಾಕ್ಟರು ಕೈಯನ್ನು ಬೆಳಕಿಗೆ ಹಿಡಿದು ನೋಡಿ, ಇನ್ನು ಬರಬೇಕಿಲ್ಲ ಎಂದರು. ಯಾವ ವ್ಯಾಯಾಮ ಮಾಡಿಸಿದಿರಿ ಎಂದು ಕೇಳಿದರು. ನಾನು ಊಟ ಎಂದೆ.

ಆ ಮರುದಿನ ಪದ್ಮಾ ತನ್ನ ತಾಟು ತಾನೇ ಹಾಕಿಕೊಂಡು ಗಬಗಬ ಉಂಡು, ಎರಡೂ ಕೈಯಿಂದ ಜಡೆಯನ್ನು ಹಿಂದಕ್ಕೆ ಎಸೆದು ಅಂಗಳಕ್ಕೆ ಓಡಿದಳು. ಅತ್ತೆ ಮೊಸರನ್ನ ಕಲಸಿ, ಬಾಗಿಲ ಕಡೆ ನೋಡುತ್ತ ಕೂತರು. ಮಕ್ಕಳು ಗುಣವಾಗಲಿ ಎಂದು ನಾವು ಹರಕೆ ಹೊರುತ್ತೇವೆ. ಗುಣವಾದ ಮಗು ಮೊದಲು ಮಾಡುವ ಕೆಲಸ ನಮ್ಮನ್ನು ಬಿಟ್ಟು ಓಡುವುದು ಎಂಬುದು ಹರಕೆ ಹೊರುವಾಗ ನೆನಪಿರುವುದಿಲ್ಲ. ನನಗೆ ಯಾಕೋ ತಡೆಯಲಿಲ್ಲ.

"ನಾ ಉಣಸ್ಲೇನ್ರಿ ಅತ್ತಿ?"

ಅವರು ನನ್ನ ಕೈಯನ್ನು ಮೇಲಿಂದ ಕೆಳಗೆ ನೋಡಿದರು.

"ಯಾಕ, ನಿನ್ನ ಕೈಗೇನಾಗೇದ? ಉಪ್ಪಿನಕಾಯಿ ಹಾಕು."