ನನಗೆ ಓದು ಬಾರದೆಂದು ಗೊತ್ತಾದ ದಿನ

ನಾನು ಚಿಕ್ಕವನಿದ್ದಾಗ ಒಂದು ಕಡೆ ಕೂತದ್ದೇ ಇಲ್ಲ ಎಂದು ಅಕ್ಕ ಈಗಲೂ ಹೇಳುತ್ತಾಳೆ. ಊಟಕ್ಕೆ ಕೂತರೆ ಮಂಡಿ ಅಲುಗುತ್ತಿತ್ತು, ಮಲಗಿದರೆ ಕಾಲ್ಬೆರಳು ಗೋಡೆ ಕೆರೆಯುತ್ತಿತ್ತು. ಅಂಥ ನನ್ನನ್ನು ಆ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಮನೆಯೊಳಗೆ ಕೂಡಿಹಾಕಿದರು. ನಮ್ಮ ಶಾಲೆಯಲ್ಲಿ ಒಬ್ಬರಿಂದ ಒಬ್ಬರಿಗೆ ಸೀತಾಳೆ ಸಿಡುಬು ಹರಡಿ, ಗೇಟಿಗೆ ಬೀಗ ಬಿದ್ದಿತ್ತು. ಯಾವಾಗ ತೆಗೆಯುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ.

ಆಗ ನಾವಿದ್ದದ್ದು ರಾಜಾಜಿನಗರದ ಒಂದು ವಠಾರದಲ್ಲಿ. ಸಾಲಾಗಿ ಪುಟ್ಟ ಪುಟ್ಟ ಮನೆಗಳು, ನಡುವೆ ಕಲ್ಲು ಹಾಸಿದ ಅಂಗಳ, ಎಲ್ಲರಿಗೂ ಸೇರಿ ಒಂದೇ ನಲ್ಲಿ. ಮೂಲೆ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರು. ಒಳಗೆ ಯಾರೋ ಮೈತುಂಬ ಗುಳ್ಳೆ ಎದ್ದು ಮಲಗಿದ್ದಾರೆಂದು ಅದರ ಅರ್ಥ. ಅಂಗಳಕ್ಕೆ ಇಳಿಯಬಾರದು, ಯಾರ ಜೊತೆಯೂ ಆಡಬಾರದು ಎಂದು ಅಮ್ಮ ಕಟ್ಟಪ್ಪಣೆ ಮಾಡಿದ್ದಳು. ನಾನು ಕಿಟಕಿಯ ಸರಳು ಹಿಡಿದು ಜೋತಾಡುತ್ತಾ, ನಲ್ಲಿಯ ಕೆಳಗೆ ಬಿಂದಿಗೆ ತುಂಬುವ ಸದ್ದು ಕೇಳುತ್ತಾ ಹೊತ್ತು ಕಳೆಯುತ್ತಿದ್ದೆ. ಸರಳಿನ ತುಕ್ಕಿನ ವಾಸನೆ ಅಂಗೈಗೆ ಮೆತ್ತಿಕೊಂಡಿರುತ್ತಿತ್ತು.

ಅಪ್ಪ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಮೇಲೆ ಕೆಲಸ ಮಾಡುತ್ತಿದ್ದರು. ಸೈರನ್ ಪ್ರಕಾರ ಬದುಕುವ ಮನುಷ್ಯ. ಶಾಲೆ ಮುಚ್ಚಿದರೆ ಮನೆಯೇ ಶಾಲೆ ಎಂದು ತೀರ್ಮಾನಿಸಿಬಿಟ್ಟರು. ಅಕ್ಕ ಒಂಬತ್ತನೇ ಕ್ಲಾಸಿನಲ್ಲಿದ್ದಳು. ಅವಳ ಹೈಸ್ಕೂಲೂ ನಮ್ಮ ಕಾಂಪೌಂಡಿನಲ್ಲೇ ಇದ್ದದ್ದರಿಂದ ಅವಳಿಗೂ ರಜೆ. ಹಾಗಾಗಿ ಮೂರನೇ ಕ್ಲಾಸಿನ ನನಗೆ ಅವಳೇ ಮೇಷ್ಟ್ರು.

ನಾನು ಹೇಳಹೊರಟಿರುವ ದಿನ ಅಪ್ಪನಿಗೆ ವಾರದ ರಜೆ. ಬೆಳಿಗ್ಗೆ ಗೋಡೆಗೆ ಸಣ್ಣ ಕನ್ನಡಿ ತೂಗುಹಾಕಿ, ಕೆನ್ನೆಗೆ ಸೋಪಿನ ನೊರೆ ಹಚ್ಚಿಕೊಂಡು ಗಡ್ಡ ಹೆರೆಯುತ್ತಿದ್ದರು. ಅಡುಗೆಮನೆಯಿಂದ ಒಗ್ಗರಣೆಯ ಘಾಟು ಬರುತ್ತಿತ್ತು. ನಾನು ಚಾಪೆಯ ಮೇಲೆ ಕನ್ನಡ ಪುಸ್ತಕ ಬಿಡಿಸಿಕೊಂಡು, ವಠಾರಕ್ಕೆಲ್ಲ ಕೇಳುವಂತೆ ಪಾಠ ಓದುತ್ತಿದ್ದೆ. ತೋಟದ ಪಾಠ. ತರಗತಿಯಲ್ಲಿ ಎಲ್ಲರೂ ಸೇರಿ ಎಳೆದು ಎಳೆದು ಹೇಳುವ ರಾಗ ನನ್ನ ನಾಲಗೆಯ ತುದಿಯಲ್ಲಿತ್ತು. ಅಪ್ಪ ಕನ್ನಡಿಯಲ್ಲೇ ನನ್ನತ್ತ ನೋಡಿ, "ಭೇಷ್" ಎಂದರು.

ಪುಟ ತಿರುಗಿಸುವಾಗ ಎರಡು ಹಾಳೆ ಒಟ್ಟಿಗೆ ಮಗುಚಿಕೊಂಡವು. ಅದು ನನಗೆ ತಿಳಿಯಲಿಲ್ಲ. ಬಿಟ್ಟುಹೋದ ಪುಟದ ಮಾತನ್ನೇ ಹೇಳುತ್ತಾ ಹೋದೆ. ಪಕ್ಕದಲ್ಲಿ ಕೂತಿದ್ದ ಅಕ್ಕ ಪುಸ್ತಕವನ್ನೂ ನನ್ನ ಮುಖವನ್ನೂ ಒಮ್ಮೆ ನೋಡಿದಳು. ಶಾಲೆಯಲ್ಲಿ ಇನ್ನೂ ಮಾಡಿರದ ಕೊನೆಯ ಪಾಠವೊಂದನ್ನು ತೆಗೆದು ನನ್ನ ಮುಂದಿಟ್ಟಳು. "ಇದನ್ನ ಓದು ನೋಡೋಣ."

ಪುಟದ ಮೇಲ್ಭಾಗದಲ್ಲಿ ದೋಣಿಯ ಚಿತ್ರವಿತ್ತು. ನಾನು ಅದೇ ರಾಗದಲ್ಲಿ, "ಇದು ದೋಣಿ. ದೋಣಿ ನೀರಿನಲ್ಲಿ ಹೋಗುತ್ತದೆ" ಎಂದು ಶುರುಮಾಡಿದೆ.

"ಎಲ್ಲಿದೆ ದೋಣಿ ಅಂತ? ಬೆರಳಿಟ್ಟು ತೋರಿಸು."

ನಾನು ಚಿತ್ರದ ಮೇಲೆ ಬೆರಳಿಟ್ಟೆ.

"ಚಿತ್ರ ಅಲ್ವೋ. ಅಕ್ಷರ."

ಮಕ್ಕಳೇ, ನಿಮ್ಮ ತಾತನ ಈ ಕಥೆ ಕೇಳಿ ನಿಮಗೆ ನಗು ಬರಬಹುದು. ಪುಟ ನೋಡಿಕೊಂಡು ಪಾಠ ಹೇಳುವುದಕ್ಕೇ ಓದುವುದು ಎನ್ನುತ್ತಾರೆಂದು ನಾನು ನಿಜವಾಗಿಯೂ ನಂಬಿದ್ದೆ. ಕಿಕ್ಕಿರಿದ ತರಗತಿಯಲ್ಲಿ ಎಲ್ಲರ ಬಾಯಿಯ ಜೊತೆ ನನ್ನ ಬಾಯಿಯೂ ಆಡುತ್ತಿತ್ತು. ನನ್ನ ದನಿಯೇ ಎಲ್ಲರಿಗಿಂತ ಜೋರು. ಕೆಳಗಿದ್ದ ಕಪ್ಪು ಗುರುತುಗಳಿಗೂ ನನ್ನ ಬಾಯಿಂದ ಬರುವ ಮಾತಿಗೂ ಸಂಬಂಧವಿದೆಯೆಂದು ಆವರೆಗೆ ನನಗೆ ಹೊಳೆದೇ ಇರಲಿಲ್ಲ.

ಅಪ್ಪ ಅರ್ಧ ಕೆನ್ನೆಯ ನೊರೆಯ ಜೊತೆಯಲ್ಲೇ ಬಂದು ಬಗ್ಗಿದರು. "ತಮಾಷೆ ಮಾಡ್ತಿದ್ದೀಯೇನೋ?" ಎಂದು ಒಂದು ಅಕ್ಷರ ತೋರಿಸಿದರು. ನಾನು ಒಳಗೊಳಗೇ 'ಅ ಆ ಇ ಈ' ಎಂದು ಮೊದಲಿನಿಂದ ಎಣಿಸಿಕೊಂಡು ಬಂದೆ. ಸಿಗಲಿಲ್ಲ. ಇನ್ನೊಂದು ತೋರಿಸಿದರು. ಅದೂ ಸಿಗಲಿಲ್ಲ. ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಅಡುಗೆಮನೆಯ ಬಾಗಿಲಿಗೆ ಹೋಗಿ ಮೆಲ್ಲಗೆ, "ಮೂರನೇ ಕ್ಲಾಸು. ಓದೋಕೇ ಬರಲ್ಲ ಕಣೇ ಇವನಿಗೆ" ಎಂದರು. ನಾನು ಪುಸ್ತಕ ಮುಚ್ಚಿ ಮಂಡಿಯ ಕೆಳಗೆ ತುರುಕಿಕೊಂಡೆ.

ಗಡ್ಡ ಮುಗಿಸಿ ಬಂದವರು ತಮ್ಮ ತೀರ್ಮಾನ ಹೇಳಿದರು. ಶಾಲೆ ತೆಗೆಯುವಷ್ಟರಲ್ಲಿ ಓದಲು ಬರಬೇಕು, ಇಲ್ಲವಾದರೆ ಅವರೇ ಹೆಡ್ಮೇಷ್ಟ್ರಿಗೆ ಹೇಳಿ ನನ್ನನ್ನು ಮತ್ತೆ ಒಂದನೇ ಕ್ಲಾಸಿಗೆ ಕೂರಿಸುತ್ತಾರೆ. ಇವತ್ತು ಒಂದು ಪುಟ ಓದುವತನಕ ಚಾಪೆ ಬಿಟ್ಟು ಏಳುವ ಹಾಗಿಲ್ಲ.

ಕೂತೆ. ಚಾಪೆಯ ಕಡ್ಡಿಗಳು ತೊಡೆಗೆ ಒತ್ತುತ್ತಿದ್ದವು. ಕಾಲು ಜೋಮು ಹಿಡಿಯಿತು. ಅಕ್ಷರಗಳು ಇರುವೆ ಸಾಲಿನಂತೆ ಹರಿದಾಡುತ್ತಿದ್ದವು. ಮೂಗು ಸೋರುವ ಪುಟಾಣಿಗಳ ನಡುವೆ ಒಂದನೇ ಕ್ಲಾಸಿನ ಮಣೆಯ ಮೇಲೆ ನಾನು ಮಂಡಿ ಮಡಚಿಕೊಂಡು ಕೂತಿರುವ ಚಿತ್ರ ಕಣ್ಣ ಮುಂದೆ ಬಂತು. ಅಕ್ಕ ನೀರು ಕುಡಿಯಲು ಎದ್ದಳು. ಅಷ್ಟೇ ಸಾಕಾಯಿತು. ಬಾಗಿಲು ದಾಟಿ, ಅಂಗಳ ದಾಟಿ, ಚಪ್ಪಲಿಯೂ ಇಲ್ಲದೆ ರಸ್ತೆಗೆ ಓಡಿಬಿಟ್ಟೆ.

ಮಧ್ಯಾಹ್ನದ ಬಿಸಿಲು. ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ. ಹೊಂಗೆ ಮರಗಳು ಹಳೆಯ ಎಲೆ ಉದುರಿಸಿ ಎಳೆ ಹಸಿರು ತಳೆದಿದ್ದವು. ಪಾದ ಸುಟ್ಟಾಗ ನೆರಳಿಗೆ ಹಾರುತ್ತಾ, ಮತ್ತೆ ಓಡುತ್ತಾ ಶಾಲೆಯ ಗೇಟಿನವರೆಗೂ ಹೋದೆ. ಯಾಕೆ ಅಲ್ಲಿಗೇ ಹೋದೆನೋ ಗೊತ್ತಿಲ್ಲ. ಸರಪಳಿ ಹಿಡಿದು ಅಲ್ಲಾಡಿಸುತ್ತಾ ನಿಂತಿದ್ದಾಗ ಅಕ್ಕ ಏದುಸಿರು ಬಿಡುತ್ತಾ ಬಂದಳು. ಅವಳ ಕೈಯಲ್ಲಿ ನನ್ನ ಚಪ್ಪಲಿಯಿತ್ತು.

"ಹಾಕ್ಕೋ. ಕಾಲಲ್ಲಿ ಬೊಬ್ಬೆ ಬರತ್ತೆ."

"ನಾನು ಮನೆಗೆ ಬರಲ್ಲ."

"ಬರಬೇಡ ಬಿಡು. ನಡಿ, ಸುಮ್ನೆ ಹಂಗೇ ಹೋಗೋಣ."

ನಡೆದೆವು. ನನ್ನ ಕಾಲುಗಳಿಗೆ ಬೇಕಾಗಿದ್ದೂ ಅದೇ. ಸ್ವಲ್ಪ ದೂರ ಹೋದಮೇಲೆ ಅಕ್ಕ ಒಂದು ಅಂಗಡಿಯ ಬೋರ್ಡು ತೋರಿಸಿ, "ಅಲ್ಲಿ ಏನ್ ಬರ್ದಿದೆ ಹೇಳು" ಎಂದಳು.

"ಹಿಟ್ಟಿನ ಗಿರಣಿ" ಎಂದೆ ತಟ್ಟನೆ.

ಬಿಸಿ ರಾಗಿ ಹಿಟ್ಟಿನ ವಾಸನೆ ಇಬ್ಬರ ಮೂಗಿಗೂ ಬಡಿಯುತ್ತಿತ್ತು. ಅಕ್ಕ ನಕ್ಕುಬಿಟ್ಟಳು. "ಓದಿದ್ದು ನಿನ್ನ ಮೂಗು ಕಣೋ, ಕಣ್ಣಲ್ಲ."

ನನಗೂ ನಗು ಬಂತು. ಬೆಳಗಿನಿಂದ ಮೊದಲ ಸಲ. ಆಮೇಲೆ ಅವಳು ಅಕ್ಕಪಕ್ಕ ಕಣ್ಣಾಡಿಸಿ, ಊಟದ ಹೊತ್ತಿಗೆ ಬಾಗಿಲು ಹಾಕಿದ್ದ ಒಂದು ಮಳಿಗೆಯ ಮುಂದೆ ನನ್ನನ್ನು ನಿಲ್ಲಿಸಿದಳು. ವಾಸನೆಯಿಲ್ಲ, ಸದ್ದಿಲ್ಲ, ಚಿತ್ರವಿಲ್ಲ. ಮುಚ್ಚಿದ ಬಾಗಿಲ ಮೇಲೆ ನೀಲಿ ತಗಡು, ಅದರ ಮೇಲೆ ಬಿಳಿಯ ದಪ್ಪ ಅಕ್ಷರಗಳು. ನಾನು ಒಂದು ಕಾಲಿಂದ ಇನ್ನೊಂದು ಕಾಲಿಗೆ ಕುಣಿಯುತ್ತಿದ್ದೆ. ಅಕ್ಕ ತಡೆಯಲಿಲ್ಲ. "ಕುಣಿ, ಆದ್ರೆ ಬೋರ್ಡ್ ನೋಡು. ಮೊದಲನೇದು ಯಾವ್ದು? ನಮ್ಮ ಗಣಪತಿ ಶುರುವಾಗೋದು."

"ಗ."

ಮುಂದಿನದಕ್ಕೆ ಡಬ್ಬಿ ಎಂದಳು, ಅದಕ್ಕೊಂದು ಗುಡಿಸು ಸೇರಿಸಿದಳು. ಯಾರೋ ಬೀಗ ತೆಗೆಯುವವರಂತೆ ನಾನು ಒಂದೊಂದನ್ನೇ ತಿರುಗಿಸಿ ನೋಡಿದೆ. ಗ. ಡಿ. ಯಾ. ರ. ಬಿಡಿಬಿಡಿಯಾಗಿ ಹೇಳಿದೆ. ಇನ್ನೊಮ್ಮೆ ಹೇಳಿದೆ. ಮತ್ತೊಮ್ಮೆ ಬೇಗ ಹೇಳಿದೆ. ಥಟ್ಟನೆ ಆ ನಾಲ್ಕು ಸದ್ದುಗಳು ಕೂಡಿಕೊಂಡು ನನ್ನ ಕಿವಿಯಲ್ಲಿ ಒಂದು ಮಾತಾಯಿತು.

"ಗಡಿಯಾರ! ಅಕ್ಕಾ, ಗಡಿಯಾರ! ಇದು ಗಡಿಯಾರದ ಅಂಗಡಿ!"

ಆ ಅಂಗಡಿಯೊಳಗೆ ಏನಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಆ ತಗಡೇ ಹೇಳಿತ್ತು. ನನ್ನ ಮೈ ಜುಮ್ಮೆಂದಿತು. ಇಷ್ಟು ದಿನ ಈ ರಸ್ತೆಯ ಬೋರ್ಡುಗಳೆಲ್ಲ ಮಾತಾಡುತ್ತಲೇ ಇದ್ದವು, ನಾನೊಬ್ಬ ಕೇಳಿಸಿಕೊಳ್ಳದೆ ಓಡಾಡಿದ್ದೆ. ಮುಂದಿನ ಬೋರ್ಡಿಗೆ ಅಕ್ಕನ ಕೈ ಹಿಡಿದು ನಾನೇ ಎಳೆದುಕೊಂಡು ಹೋದೆ.

ಅಷ್ಟರಲ್ಲಿ ಎದುರಿನಿಂದ ಅಪ್ಪ ಬಂದರು. ನನ್ನನ್ನು ಹುಡುಕಿಕೊಂಡು ಇನ್ನೊಂದು ದಿಕ್ಕಿನಲ್ಲಿ ಸುತ್ತಿ ಬಂದಿದ್ದರು. ಬನಿಯನ್ ಬೆವರಿಗೆ ಬೆನ್ನಿಗಂಟಿತ್ತು. ಶರಟು ತೊಡುವುದನ್ನೂ ಮರೆತು ಹೊರಬಿದ್ದಿದ್ದರು. ಅವರ ಮುಖ ನೋಡಿ ನಾನು ಅಕ್ಕನ ಹಿಂದೆ ಸರಿದೆ.

"ಬೈಬೇಡಿ ಅಪ್ಪ. ಮೊದ್ಲು ಇವ್ನು ಓದೋದನ್ನ ಕೇಳಿ" ಎಂದಳು ಅಕ್ಕ.

ಅಪ್ಪ ಒಂದು ಬೋರ್ಡಿನತ್ತ ಕೈ ತೋರಿಸಿದರು. ನಾನು, "ಬ... ಟೆ... ಬಟೆ" ಎಂದೆ. ಅಂಥ ಮಾತೇ ಇಲ್ಲವೆಂದು ನನಗೂ ಗೊತ್ತಾಯಿತು. ಅಪ್ಪ ಚರಂಡಿಯ ಮೇಲಿನ ಚಪ್ಪಡಿಯ ಮೇಲೆ ಕುಕ್ಕರಿಸಿ, ನನ್ನನ್ನು ಹತ್ತಿರಕ್ಕೆ ಎಳೆದುಕೊಂಡರು. ಅವರ ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತು.

"ಟೆ ಕೆಳಗೆ ಇನ್ನೊಬ್ಬ ಸಣ್ಣವನು ಕೂತಿದಾನಲ್ಲ, ಅವನನ್ನೂ ಕರಿ. ಬಿಟ್ಟುಬಿಟ್ರೆ ಅವನಿಗೆ ಬೇಜಾರಾಗಲ್ವಾ?"

"ಬ-ಟ್ಟೆ. ಬಟ್ಟೆ!"

"ಹೂಂ" ಎಂದರು ಅಪ್ಪ. ಅಷ್ಟೇ. ಆದರೆ ಮನೆಗೆ ಹೋಗುವ ಹತ್ತಿರದ ದಾರಿ ಬಿಟ್ಟು, ಬೋರ್ಡುಗಳಿದ್ದ ದೊಡ್ಡ ರಸ್ತೆ ಹಿಡಿದರು. ಅಮ್ಮನ ಸಾರು ಅಷ್ಟು ಹೊತ್ತಿಗೆ ತಣ್ಣಗಾಗಿತ್ತು.

ಮಾರನೆಯ ದಿನದಿಂದ ಚಾಪೆಯ ಪಾಠ ನಿಂತಿತು. ಕೆಲಸಕ್ಕೆ ಹೋಗುವ ಮುಂಚೆ ಅಪ್ಪ, ಬಿಸಿಲಿಳಿದ ಮೇಲೆ ಅಕ್ಕ ನನ್ನನ್ನು ನಡೆಸಿಕೊಂಡು ಹೋಗುತ್ತಿದ್ದರು. ಬೋರ್ಡು ಮುಗಿದ ಮೇಲೆ ಬಸ್ಸಿನ ಹಣೆ, ಅದಾದ ಮೇಲೆ ಗೋಡೆಬರಹ, ಕೊನೆಗೆ ಪುಸ್ತಕ. ಮೂಲೆ ಮನೆಯ ಬೇವಿನ ಸೊಪ್ಪು ಇಳಿದ ಮೇಲೆ ಪುಸ್ತಕವನ್ನೂ ನಾನು ಅಂಗಳದಲ್ಲಿ ಸುತ್ತುತ್ತಲೇ ಓದಿದೆ. ಶಾಲೆ ತೆರೆದಾಗ ಒಂದನೇ ಕ್ಲಾಸಿಗೆ ಹೋಗಬೇಕಾಗಲಿಲ್ಲ. ಆದರೆ ಎಲ್ಲರೂ ರಾಗವಾಗಿ ಪಾಠ ಹೇಳುವಾಗ ನಾನು ಬೆರಳಿಟ್ಟುಕೊಂಡು ನಿಧಾನವಾಗಿ, ಮೆಲುದನಿಯಲ್ಲಿ ಓದುತ್ತಾ ಎಲ್ಲರಿಗಿಂತ ಹಿಂದೆ ಬೀಳುತ್ತಿದ್ದೆ. "ಮೊದಲೆಲ್ಲ ಎಷ್ಟು ಚೆನ್ನಾಗಿ ಓದ್ತಿದ್ದ. ರಜದಲ್ಲಿ ಎಲ್ಲ ಮರೆತುಬಿಟ್ಟಿದಾನೆ" ಎಂದು ನಮ್ಮ ಮೇಡಂ ಅಪ್ಪನಿಗೆ ಹೇಳಿದರಂತೆ. ಅಪ್ಪ ದಾರಿಯುದ್ದಕ್ಕೂ ನಗುತ್ತಾ ಬಂದರು.

ಈಗ ನಾವಿರುವ ಚಂದ್ರಾ ಲೇಔಟಿನ ಈ ಮನೆಯಲ್ಲಿ ನಿಮಗೆ ನಿಮ್ಮದೇ ಕೋಣೆಯಿದೆ. ಕೊರೊನಾ ಬಂದು ಶಾಲೆಗಳೆಲ್ಲ ಮುಚ್ಚಿದಾಗ ನಿಮಗೆ ಮೊಬೈಲಿನಲ್ಲೇ ತರಗತಿ ಬಂತು. ನಮ್ಮ ಕಾಲದಲ್ಲಿ ಬೀಗ ಬಿದ್ದ ಶಾಲೆಯಿಂದ ಒಂದು ಮಾತೂ ಮನೆಗೆ ಬರುತ್ತಿರಲಿಲ್ಲ. ನಿಮ್ಮ ಮಿಸ್ ಮಾತ್ರ ದಿನಾ ಬರುತ್ತಿದ್ದರು, ಬೆರಳಗಲದ ಚೌಕದೊಳಗೆ. ಅವರ ಸುತ್ತ ನಿಮ್ಮಂಥ ಪುಟ್ಟ ಪುಟ್ಟ ಮುಖಗಳ ಚೌಕಗಳು, ಎಲ್ಲ ಬಾಯಿಗಳೂ ಒಟ್ಟಿಗೆ ಆಡುತ್ತಿದ್ದವು. ಅಷ್ಟು ಬಾಯಿಗಳ ನಡುವೆ ಯಾವ ಕಣ್ಣು ಅಕ್ಷರದ ಮೇಲಿದೆಯೆಂದು ಪಾಪ ಅವರಿಗೆ ತಿಳಿಯುವುದಾದರೂ ಹೇಗೆ?

ಅದಕ್ಕೇ ನಾನು ನಿಮ್ಮ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. "ತಾತ, ಕ್ಯಾಮೆರಾದಲ್ಲಿ ಕಾಣಿಸ್ತಿದೀಯ, ಹಿಂದೆ ಹೋಗು!" ಎಂದು ನೀವು ಸಿಡುಕುತ್ತಿದ್ದಿರಿ. ನಾನು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಎದ್ದು ಮಾತ್ರ ಹೋಗುತ್ತಿರಲಿಲ್ಲ.