ತೇಜಾಬಿನ ಮಿಸ್ತ್ರಿ

ನಾನು ಕಲಬುರ್ಗಿಯ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಾಗ, ಕಮಲಾಪುರದಲ್ಲಿ ಬ್ಯಾಟರಿಗಳಿಗೆ ಆ್ಯಸಿಡ್ ತುಂಬುವ ಮಿಸ್ತ್ರಿಯೊಬ್ಬನಿದ್ದ. ಆ್ಯಸಿಡ್ಡಿಗೆ ನಾವೆಲ್ಲ ತೇಜಾಬು ಎನ್ನುತ್ತಿದ್ದೆವು. ಅವನ ಅಂಗಿಯ ತುಂಬ ತೂತು. ನಟ್ಟು ಬಿಚ್ಚುವ ಪಾನಾಗಳು ಇಲಿ ಕಡಿದಂತೆ ಸವೆದಿದ್ದವು. ಬ್ಯಾಟರಿಗೆ ಕಟ್ಟಿದ ಹಸಿರು ಕಿಲುಬು ಕೆರೆಯುತ್ತ, ಹತ್ತಿರ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: "ದೂರ ನಿಲ್ರಿ, ಇದಕ್ಕ ಕಬ್ಬಿಣನೂ ಅಷ್ಟ, ಕೈನೂ ಅಷ್ಟ."

ನಿಜಾಮನ ಕಡೆಯ ರಜಾಕಾರರು ಜನರ ಮೇಲೆ ಎರಚಲು ಕೇಳಿದಾಗ ಅವನು ತೇಜಾಬು ಕೊಟ್ಟಿರಲಿಲ್ಲ. ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಮುಗಿದ ವಾರ ನಮ್ಮವರೇ ಗುಂಪು ಕಟ್ಟಿಕೊಂಡು ಬಂದರು. ಅವನ ಅಂಗಡಿಯ ಹಿಂದಿನ ಓಣಿಯಲ್ಲಿ ಮುಸಲ್ಮಾನರ ಕುಟುಂಬವೊಂದು ಬಾಗಿಲು ಹಾಕಿಕೊಂಡು ಕುಳಿತಿತ್ತು.

"ಮಿಸ್ತ್ರಿ, ತೇಜಾಬು ಕೊಡು."

ಅವನು ಗಾಜಿನ ಜಾಡಿ ಎತ್ತಿ ನೆಲಕ್ಕೆ ಸುರಿದ. ನೆಲಕ್ಕೆ ಹಾಸಿದ್ದ ಪರಸಿ ಕಲ್ಲು ನೊರೆಯೆದ್ದು ಕುದಿಯಿತು. ಬರಿಗಾಲಲ್ಲಿದ್ದರೂ ಅವನು ಕದಲಲಿಲ್ಲ.

"ಖಾಲಿ ಆತು, ಹೋಗ್ರಿ," ಎಂದ.

ಅವರು ಕುಡುಗೋಲು ಹಿಡಿದು ಆ ಓಣಿಗೆ ಹೋದರು.

ಮರುದಿನ ನಾನು ಹೋದಾಗ ಅವನು ಸುಟ್ಟ ಕಾಲಿಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದ. "ಆ ಮನ್ಯಾಗ ಯಾರರ ಉಳದಾರೇನು?" ಎಂದು ಕೇಳಿದ.

"ಒಬ್ಬಾಕಿ ಮುದುಕಿ ಉಳದಾಳ," ಎಂದೆ.

ಅವನು ನನ್ನ ಕಡೆಗೆ ಕೈ ಚಾಚಿದ.

"ಎಬ್ಬಸಪ್ಪ ನನ್ನ. ಅಷ್ಟೂ ಹೆಣಕ್ಕ ಆಕಿ ಒಬ್ಬಾಕಿ ಎಷ್ಟಂತ ಕುಣಿ ತೋಡ್ಯಾಳ?"