ಕಟ್ಟಿಯವರ ‘ಹಿಂಗಾದ್ರ?’

ಗುರುನಾಥ ಕಟ್ಟಿಯವರಿಗೆ ಚಹಾ ಕೊಟ್ಟರೆ ಮೊದಲು ಒಂದು ಪ್ರಶ್ನೆ ಬರುತ್ತಿತ್ತು. “ಹಾಲು ಒಡದಿದ್ರ ಏನ್ ಮಾಡ್ತಿದ್ರಿ?” ಒಡೆದಿಲ್ಲವಲ್ಲ, ಕುಡೀರಿ ಸಾರ್ ಎಂದರೆ ಸಮಾಧಾನವಿಲ್ಲ. “ಒಡದಿಲ್ಲ, ಖರೆ. ಒಡದಿದ್ರ?” ಉತ್ತರ ಸಿಗುವವರೆಗೆ ಕಪ್ಪು ಮುಟ್ಟುತ್ತಿರಲಿಲ್ಲ. ಚಹಾ ಆರುತ್ತಿತ್ತು. ಮತ್ತೆ ಬಿಸಿ ಮಾಡುವವಳು ನಾನು.

ಧಾರವಾಡದ ಕಡೆಯವರು. ವಡೋದರಾ ಪಕ್ಕದ ಕೊಯಾಲಿಯ ರಿಫೈನರಿಯ ಕಂಟ್ರೋಲ್ ರೂಮಿನಲ್ಲಿ ಇಡೀ ನೌಕರಿ ಕಳೆದವರು. ಒತ್ತಡದ ಮುಳ್ಳು ಗೆರೆ ದಾಟಿದರೆ ಯಾವ ವಾಲ್ವು ಮುಚ್ಚಬೇಕು, ಅದೂ ಮುಚ್ಚದಿದ್ದರೆ ಮುಂದೇನು ಎಂದು ಯೋಚಿಸುವುದೇ ಅವರ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೆ ಆ ಅಭ್ಯಾಸ ನಮ್ಮ ಕನ್ನಡ ಸಂಘದ ಮೇಲೆ ತಿರುಗಿತು. ನಾನು ಮೈಸೂರಿನವಳು, ಬ್ಯಾಂಕಿನ ವರ್ಗಾವಣೆಯಲ್ಲಿ ವಡೋದರಾಕ್ಕೆ ಬಂದು ಇಲ್ಲೇ ಉಳಿದೆ. ಬೇರೆ ಯಾರೂ ಒಪ್ಪದ ಕಾರಣ ಸಂಘದ ಕಾರ್ಯದರ್ಶಿಯೂ ಆದೆ.

ಯುಗಾದಿ, ರಾಜ್ಯೋತ್ಸವ, ಸಂಕ್ರಾಂತಿ ಬಂತೆಂದರೆ ನನಗೆ ಜ್ವರ. ಸದಸ್ಯರ ಹೆಸರು, ಫೋನು, ಚಂದಾ ಎಲ್ಲ ಒಂದು ಸಾಫ್ಟ್‌ವೇರಿನಲ್ಲಿ. ಕಾರ್ಯಕ್ರಮದ ದಿನ, ಜಾಗ ಇನ್ನೊಂದು ಕಡೆ, ಆನ್‌ಲೈನ್ ಕ್ಯಾಲೆಂಡರಿನಲ್ಲಿ. ಇದನ್ನು ನೋಡಿ ಅದಕ್ಕೆ ತುಂಬಿ, ಆಮೇಲೆ ಮನೆಮನೆಗೂ ಫೋನು ಮಾಡಬೇಕು. ಒಂದು ಸಲ ಗಂಟಲು ಕೆಟ್ಟು ಪಿಸುಗುಟ್ಟುತ್ತಿದ್ದಾಗ ಕಟ್ಟಿಯವರು ರೇಗಿದರು. “ಏನ್ರೀ ಇದು, ಎರಡೂ ಒಂದೇ ಊರಾಗ ಇದ್ದು ಒಂದಕ್ಕೊಂದು ಮಾತಾಡೂದಿಲ್ಲ ಅಂದ್ರ? ಮಾತಾಡಸೋಣು.”

ಕೋಡ್ ಬರೆಯುವುದು ಅವರಿಗೂ ಬರುತ್ತಿರಲಿಲ್ಲ, ಬೇಕಾಗಲೂ ಇಲ್ಲ. ಅಂಥ ಜೋಡಣೆಗೆಂದೇ ಇರುವ ಒಂದು ವೆಬ್‌ಸೈಟು ಹುಡುಕಿದರು. ಪರದೆಯ ಮೇಲೆ ಒಂದು ಡಬ್ಬಿ: ‘ಹೀಗಾದರೆ’. ಪಕ್ಕದಲ್ಲಿ ಇನ್ನೊಂದು: ‘ಹೀಗೆ ಮಾಡು’. ನಡುವೆ ಒಂದು ಗೆರೆ ಎಳೆದರೆ ಆಯಿತು. ಹೊಸ ಸದಸ್ಯರು ಸೇರಿದರೆ ಅವರ ಹೆಸರು ತಾನಾಗಿ ಕ್ಯಾಲೆಂಡರಿಗೆ ಹೋಗುತ್ತದೆ, ಮುಂದಿನ ಕಾರ್ಯಕ್ರಮದ ಆಹ್ವಾನ ಅವರ ಫೋನಿಗೆ ಬರುತ್ತದೆ. ಡಬ್ಬಿಗಳನ್ನು ನೋಡಿ ಅವರಿಗಾದ ಖುಷಿ ಹೇಳತೀರದು. ಜೀವನವಿಡೀ ಕೇಳಿದ ಪ್ರಶ್ನೆಗೆ ಯಾರೋ ಅಂಗಡಿ ತೆರೆದಿದ್ದರಲ್ಲ!

ಪರೀಕ್ಷೆ ಮಾಡಿ ನೋಡೋಣ ಎಂದು ಒಂದು ಭಾನುವಾರಕ್ಕೆ ‘ಊಟ’ ಎಂದು ಬರೆದರು. ಅದು ಎಲ್ಲರಿಗೂ ಹೋಗಿಬಿಟ್ಟಿತು. ಪರೀಕ್ಷೆ, ಯಾರೂ ಬರಬೇಡಿ ಎಂದು ಆಮೇಲೆ ಇಬ್ಬರೂ ಕೂತು ಫೋನು ಮಾಡಿದೆವು. ಆದರೂ ಸೂರತ್ತಿನ ಕತಾರ್‌ಗಾಮಿನಲ್ಲಿ ಉಡುಪಿ ಹೋಟೆಲು ನಡೆಸುವ ಒಂದು ಸಂಸಾರ, ನಮ್ಮ ಫೋನು ಎತ್ತದೆ, ಮಕ್ಕಳನ್ನೂ ಕಟ್ಟಿಕೊಂಡು ರೈಲಿನಲ್ಲಿ ಬಂದಿಳಿಯಿತು. “ಎಂತ ಮಾರಾಯ್ರೆ, ಸಂಘದ ಹಾಲ್‌ಗೆ ಬೀಗ ಉಂಟಲ್ಲ?” ಎಂದು ಅವರು ನನಗೆ ಫೋನು ಮಾಡಿದರೆ ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಕಟ್ಟಿಯವರು ಸ್ಕೂಟರಿನಲ್ಲಿ ಹೋಗಿ, ಅವರನ್ನು ರಿಕ್ಷಾದಲ್ಲಿ ತಮ್ಮ ಮನೆಗೇ ಕರೆತಂದರು. “ಕರದಾವ್ರು ನಾವು. ಉಣಸೂದೂ ನಾವೇ.” ಅವರ ಹೆಂಡತಿ ಕುಸುಮಾಬಾಯಿ ರೊಟ್ಟಿ ಬಡಿಯುತ್ತ ಒಳಗಿನಿಂದಲೇ ಕೂಗಿದರು: “ಕಂಪ್ಯೂಟರಿಗೆ ರೊಟ್ಟಿ ಬಡಿಲಿಕ್ಕೂ ಕಲಸ್ರಿ ಒಂದೀಟು!” ಮಕ್ಕಳು ಗುಜರಾತಿಯಲ್ಲಿ ಏನೋ ಹೇಳಿ ನಕ್ಕವು. ಆ ಸಂಸಾರ ಆಮೇಲೆ ಒಂದು ಕಾರ್ಯಕ್ರಮವನ್ನೂ ತಪ್ಪಿಸಲಿಲ್ಲ.

ಎರಡನೆಯ ತಪ್ಪಿಗೆ ಯಾರೂ ನಗಲಿಲ್ಲ.

ಕಟ್ಟಿಯವರ ಜೊತೆ ಪಾಳಿ ಮಾಡಿದ ನಾಡಿಗೇರರು ತೀರಿಕೊಂಡರು. ಸಾಫ್ಟ್‌ವೇರಿನಲ್ಲಿ ಅವರ ಹೆಸರಿನ ಮುಂದೆ ‘ನಿಧನ’ ಎಂದು ಕಟ್ಟಿಯವರೇ ಗುರುತು ಹಾಕಿದರು. ಹಾಕಿ, ಲ್ಯಾಪ್‌ಟಾಪ್ ಮುಚ್ಚಿ, ಅವತ್ತು ಏನೂ ಪ್ರಶ್ನೆ ಕೇಳದೆ ಚಹಾ ಕುಡಿದು ಹೋದರು. ನಾಡಿಗೇರರ ಹೆಂಡತಿ ವಿಮಲಾ, ನಮಗೆಲ್ಲ ವೈನಿ, ಅಂದರೆ ಅತ್ತಿಗೆ, ಒಂದು ವರ್ಷ ಯಾವ ಹಬ್ಬಕ್ಕೂ ಬರಲಿಲ್ಲ. ವರ್ಷದ ಶ್ರಾದ್ಧ ಆಗುವವರೆಗೆ ಹಬ್ಬವಿಲ್ಲವೆಂದು ಎಲ್ಲರಿಗೂ ಗೊತ್ತಿದ್ದದ್ದೇ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ವರ್ಷ ಕಳೆದ ಮೇಲಿನ ಸಂಕ್ರಾಂತಿಗೂ ಅವರು ಕಾಣಲಿಲ್ಲ. ಸಂಘದ ಎಳ್ಳು-ಬೆಲ್ಲಕ್ಕೆ ಪ್ರತಿ ಸಲ ಕೊಬ್ಬರಿ ಹೆಚ್ಚುತ್ತಿದ್ದವರು ಅವರೇ.

ವಾರದ ಮೇಲೆ ತರಕಾರಿ ಗಾಡಿಯ ಹತ್ತಿರ ಸಿಕ್ಕರು. ಯಾಕೆ ಬರಲಿಲ್ಲ ಎಂದು ನಾನು ಸಲಿಗೆಯಿಂದ ಗದರಿದೆ. ಅವರು ಬದನೆಕಾಯಿ ಆರಿಸುತ್ತಲೇ ಹೇಳಿದರು: “ಕರೀಲಿಲ್ಲಲ್ರೀ. ಗಂಡ ಇಲ್ಲದಾಕಿ, ಎಳ್ಳು-ಬೆಲ್ಲ ಹಂಚೋ ಕಡೆ ಯಾಕಂತ ಬಿಟ್ಟಿರಬೇಕು ಅಂದ್ಕೊಂಡೆ. ಇರ್ಲಿ ಬಿಡ್ರಿ, ನಂಗೇನು ಸಿಟ್ಟಿಲ್ಲ.”

ಇಷ್ಟು ವರ್ಷ ಜೊತೆಗೆ ಉಂಡವರು ನಮ್ಮನ್ನು ಅಂಥವರೆಂದು ತಿಳಿದಿದ್ದರು. ತಿಳಿಯದೆ ಏನು ಮಾಡಿಯಾರು?

ನೇರ ಕಟ್ಟಿಯವರ ಮನೆಗೆ ಹೋದೆ. ಅವರು ಪರದೆಯ ಡಬ್ಬಿಗಳನ್ನು ಒಂದೊಂದಾಗಿ ತೆರೆದರು. ಸಿಕ್ಕಿತು: ಸದಸ್ಯತ್ವ ಮುಗಿದರೆ ಆ ಮನೆಯ ಆಹ್ವಾನ ನಿಲ್ಲಿಸು. ಸದಸ್ಯತ್ವವೆಲ್ಲ ಗಂಡಂದಿರ ಹೆಸರಿನಲ್ಲಿತ್ತು. ಗಂಡ ಹೋದರೆ ಮನೆಯೇ ಹೋದಂತೆ.

“ಕಂಪ್ಯೂಟರ್ ತಪ್ಪು ಅಂತ ಹೇಳಿಬಿಡೋಣ ಸಾರ್,” ಎಂದೆ.

“ಅದು ಹೇಳಿದಷ್ಟು ಮಾಡೇದ. ಹೇಳಿದಾವ ನಾನು.” ಧ್ವನಿ ಗಡುಸಾಗಿತ್ತು. “ಹಾಲಿಗೆ ಕೇಳಿದೆ, ಚಹಾಕ್ಕ ಕೇಳಿದೆ. ನಾಡಿಗೇರ ಸತ್ರ ವೈನಿ ಗತಿ ಏನಂತ ಕೇಳ್ಳಿಲ್ಲ ನೋಡ್ರಿ.”

ಅಂದೇ ಸಂಜೆ ಇಬ್ಬರೂ ವೈನಿಯ ಮನೆಗೆ ಹೋದೆವು. ಕಟ್ಟಿಯವರು ಕೂರಲಿಲ್ಲ, ಬಾಗಿಲಲ್ಲಿ ನಿಂತೇ ಹೇಳಿದರು: “ವೈನಿ, ನಿಮ್ಮನ್ನ ಬಿಟ್ಟಾವ ನಾನು. ಬೇಕಂತ ಅಲ್ಲ. ಆದ್ರ ಬಿಟ್ಟಿದ್ದು ಖರೆ.” ವಿಮಲಾ ವೈನಿ ಒಳಗೆ ಹೋಗಿ ಒಂದು ಸ್ಟೀಲ್ ಡಬ್ಬಿ ತಂದರು. “ಕರೀತೀರಿ ಅಂತ ಹೆಚ್ಚಿಟ್ಟಿದ್ದೆ. ಇನ್ನೂ ಛೊಲೊ ಅದ.” ಕೊಬ್ಬರಿ. ಅಕ್ಕಿಯಷ್ಟು ಸಣ್ಣಗೆ. ಕಟ್ಟಿಯವರು ಒಂದು ಹಿಡಿ ಬಾಯಿಗೆ ಹಾಕಿಕೊಂಡು ಗೋಡೆಯ ಕಡೆ ತಿರುಗಿದರು. ನನಗೂ ಅಳು ತಡೆಯಲಾಗಲಿಲ್ಲ.

ಮರುದಿನದಿಂದ ಅವರು ಎಲ್ಲ ಹೆಂಗಸರನ್ನೂ ಅವರವರ ಹೆಸರಿನಲ್ಲೇ ಸದಸ್ಯರನ್ನಾಗಿ ಮಾಡಿದರು. ಒಂದು ಹೊಸ ಡಬ್ಬಿಯನ್ನೂ ಕೂರಿಸಿದರಂತೆ. ಏನದು ಎಂದರೆ, “ಟೈಮ್ ಬಂದಾಗ ತಾನೇ ಹೇಳ್ತದ, ಸುಮ್ಮನಿರ್ರಿ,” ಎಂದರು.

ಹೋದ ವರ್ಷ, ಸಂಕ್ರಾಂತಿಗೆ ಮೊದಲು, ಕಟ್ಟಿಯವರು ಹೋದರು. ಹೃದಯ ನಿಂತಿತು. ‘ನಿಧನ’ದ ಗುರುತನ್ನು ಈ ಸಲ ನಾನು ಹಾಕಿದೆ. ಅದಾದ ಮೇಲೆ ಚಹಾ ಮಾಡುವಾಗೆಲ್ಲ ಹಾಲಿನ ಪಾತ್ರೆ ನೋಡುತ್ತ ನಿಲ್ಲುತ್ತೇನೆ.

ಈ ಜನವರಿಯಲ್ಲಿ, ಬೀದಿಯ ಹುಡುಗರು ಸಂಕ್ರಾಂತಿಯ ಗಾಳಿಪಟದ ದಾರಕ್ಕೆ ಬಣ್ಣ ಹಚ್ಚಿಸುತ್ತಿದ್ದ ಒಂದು ಬೆಳಿಗ್ಗೆ, ನನ್ನ ಫೋನಿನ ಕ್ಯಾಲೆಂಡರು ಸದ್ದು ಮಾಡಿತು. ‘ಗುರುನಾಥ ಕಟ್ಟಿ. ವರ್ಷಾತು. ಮನಿಗೆ ಹೋಗಿ ಕರದು ಬರ್ರಿ. ಫೋನ್ ಮಾಡಬ್ಯಾಡ್ರಿ.’ ‘ನಿಧನ’ದ ಗುರುತಿಗೆ ವರ್ಷ ತುಂಬಿದರೆ ಎಂದು ಅವರು ಕೂರಿಸಿದ್ದ ಡಬ್ಬಿ ಇದೇ.

ವಿಮಲಾ ವೈನಿಯನ್ನು ಕರೆದುಕೊಂಡೇ ಹೋದೆ. ಕುಸುಮಾಬಾಯಿ ಕನ್ನಡಕ ಹಾಕಿಕೊಂಡು ಅದನ್ನು ಎರಡೆರಡು ಸಲ ಓದಿದರು.

“ಹೋದ ಮ್ಯಾಲೂ ಮಂದಿಗೆ ಕೆಲಸಾ ಹಚ್ಚೂದು ಬಿಡ್ಲಿಲ್ಲ ನೋಡ್ರಿ ಈ ಮನಷ್ಯಾ.” ನಗಲು ಹೋದರು, ಆಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡರು. “ನಾ ಎಲ್ಲಿಗೂ ಬರೂದಿಲ್ಲವಾ. ಬರೂದಿಲ್ಲ ಅಂದ್ರ? ಅದಕ್ಕೇನು ಬರದಾರ, ನೋಡು.”

ನಾನು ಫೋನಿನಲ್ಲಿ ಕೆಳಗೆ ಸರಿಸಿದೆ. ಇನ್ನೊಂದು ಸಾಲಿತ್ತು. ಗಟ್ಟಿಯಾಗಿ ಓದಿದೆ.

“‘ಬರೂದಿಲ್ಲ ಅಂದ್ರ, ನಾಳೆ ಮತ್ತ ಹೋಗ್ರಿ.’”

ಕುಸುಮಾಬಾಯಿ ಕನ್ನಡಕ ತೆಗೆದು ವಿಮಲಾ ವೈನಿಯ ಕಡೆ ತಿರುಗಿದರು.

“ನಾಳೆ ಮತ್ತ ಬರೋ ತ್ರಾಸ ತಗೋಬ್ಯಾಡ್ರಿ. ವಿಮಲಾ, ಕೊಬ್ಬರಿ ಎಷ್ಟು ಹೆಚ್ಚಲಿ?”